ಮೂಳೆ ಮುಟ್ಟಿದ ಲಗ್ನಪತ್ರಿಕೆ

ಬಸ್ಸಿನಲ್ಲಿ ಟಿಕೆಟ್ಟು ಕೈಗೆ ಬಂದ ಮರುಕ್ಷಣ ಮನುಷ್ಯ ಅದನ್ನು ಏನು ಮಾಡುತ್ತಾನೆ ಎಂಬುದನ್ನು ನೋಡಿದರೆ ಅವನ ಸ್ವಭಾವದ ಅರ್ಧ ಪರಿಚಯ ಆದಂತೆಯೇ ಎಂಬುದು, ಶ್ರೀರಂಗಪಟ್ಟಣದ ಮನೆಗೂ ಪಾಂಡವಪುರದ ಹೈಸ್ಕೂಲಿಗೂ ನಡುವೆ ವರ್ಷಾನುಗಟ್ಟಲೆ ಓಡಾಡಿ ಸವೆದಿರುವ ನನ್ನಂಥ ವಿಜ್ಞಾನದ ಮೇಷ್ಟ್ರೊಬ್ಬನ ಖಚಿತ ಅಭಿಪ್ರಾಯ. ಕೆಲವರು ಅದನ್ನು ಸುರುಳಿ ಸುತ್ತಿ ಕಿವಿಯೊಳಗೆ ತೂರಿಸಿ, ಕಣ್ಣು ಅರೆಮುಚ್ಚಿ, ಇಳಿಯುವ ಊರು ಬರುವತನಕ ಬ್ರಹ್ಮಾನಂದದಲ್ಲಿರುತ್ತಾರೆ. ಕೆಲವರು ಗಡಿಯಾರದ ಪಟ್ಟಿಗೆ ಸಿಕ್ಕಿಸುತ್ತಾರೆ. ಹೆಂಗಸರು, ಕಾಸು ಕೊಡದೆ ಸಿಕ್ಕ ಚೀಟಿ ಎಂಬ ತಾತ್ಸಾರವಿಲ್ಲದೆ, ಬಳೆಗಳ ನಡುವೆ ಅದನ್ನು ಜೋಪಾನ ಮಾಡುತ್ತಾರೆ. ಇನ್ನು ಕೆಲವು ನಿರ್ಲಿಪ್ತರು ಕಿಟಕಿಯಿಂದಾಚೆ ಬಿಟ್ಟುಬಿಟ್ಟು, ತಪಾಸಣೆಯವರು ಹತ್ತಿದಾಗ ಸೀಟಿನ ಕೆಳಗೆ ಹುಡುಕುವ ನಾಟಕವಾಡುತ್ತಾರೆ.

ನಾನು ಮಡಚುವವನು. ಮೊದಲು ಉದ್ದಕ್ಕೆ ಎರಡು ಪಾಲು, ಆಮೇಲೆ ಅಡ್ಡಕ್ಕೆ, ಆಮೇಲೆ ಮೂಲೆಗಳನ್ನು ಒಳಕ್ಕೆ. ಪ್ರತಿಯೊಂದು ಮಡಿಕೆಯನ್ನೂ ಹೆಬ್ಬೆರಳಿನ ಉಗುರಿನಿಂದ ಎಳೆದು ಹರಿತಗೊಳಿಸಿ, ಬಸ್ಸು ಕಿರಂಗೂರು ದಾಟುವಷ್ಟರಲ್ಲಿ ಒಂದು ದೋಣಿಯನ್ನು ಮುಗಿಸಿರುತ್ತೇನೆ. ಒಮ್ಮೆ ತಪಾಸಣೆಯ ಅಧಿಕಾರಿಯೊಬ್ಬರು ಈ ದೋಣಿಯನ್ನು ಇಸಿದುಕೊಂಡು, ಒಂದೊಂದೇ ಪದರವನ್ನು ಬಿಚ್ಚುತ್ತ ಬಿಚ್ಚುತ್ತ ತಾಳ್ಮೆ ಕಳೆದುಕೊಂಡು, "ಏನ್ ಮೇಷ್ಟ್ರೇ, ನಾಲೇಲಿ ತೇಲ್‌ಬುಡಾಕೆ ಮಡೀಕಂಡಿದ್ರಾ ಇದ್ನ?" ಎಂದು ಕೇಳಿದಾಗ ಇಡೀ ಬಸ್ಸು ನಕ್ಕಿತು. ಅದರಲ್ಲಿ ನನ್ನ ಒಂಬತ್ತನೇ ತರಗತಿಯ ಮಕ್ಕಳೂ ಇದ್ದದ್ದರಿಂದ ಆ ವರ್ಷವಿಡೀ ಬೋರ್ಡಿನ ಮೂಲೆಯಲ್ಲಿ ಯಾರೋ ಒಂದು ದೋಣಿಯ ಚಿತ್ರ ಬರೆದಿಡುತ್ತಿದ್ದರು.

ಈ ಚಟ ನನಗೆ ಅಂಟಿದ್ದು ಜೂನ್ ತಿಂಗಳ ಪುಸ್ತಕಗಳಿಂದ. ಶಾಲೆ ತೆರೆದ ವಾರ, ಹೊಸ ಪುಸ್ತಕಗಳಿಗೆ ಖಾಕಿ ಬಣ್ಣದ ಕಾಗದದ ಹೊದಿಕೆ ಹಾಕುವ ಕೆಲಸಕ್ಕೆ ಅಮ್ಮ ಕೂರುತ್ತಿದ್ದಳು. ಅವಳ ಆಯುಧ ಒಂದು ಗಾಜಿನ ಬಳೆ. ಬಳೆಯನ್ನು ಕೈಯಿಂದ ತೆಗೆಯದೆಯೇ, ಮಣಿಕಟ್ಟನ್ನು ಸ್ವಲ್ಪ ವಾರೆ ಮಾಡಿ, ಮಡಿಕೆಯ ಮೇಲೆ ಸರ್ರನೆ ಎಳೆದರೆ ಕಾಗದ ಮತ್ತೆ ತಲೆ ಎತ್ತುತ್ತಿರಲಿಲ್ಲ. ನಾನು ಬೆಳೆದ ಮೇಲೆ ಚಮಚದ ಹಿಂಬದಿ, ಪೆನ್ನಿನ ಟೋಪಿ, ಹುಣಸೆಬೀಜ, ಸ್ಕೇಲಿನ ಅಂಚು, ಹೀಗೆ ಸಿಕ್ಕಿದ್ದರಿಂದೆಲ್ಲ ಉಜ್ಜಿ, ಕಾಗದಕ್ಕೆ ಕಪ್ಪು ಗೆರೆ, ಹೊಳಪು ಗೆರೆ, ಹರಕು ಗೆರೆಗಳನ್ನೆಲ್ಲ ಬರಿಸಿ, ಕೊನೆಗೆ ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡುತ್ತಿದ್ದಾಗ, ಈ ಕೆಲಸಕ್ಕೆಂದೇ ಜಗತ್ತಿನಲ್ಲಿ ಒಂದು ಉಪಕರಣವಿದೆ ಎಂಬ ಸತ್ಯ ಗೊತ್ತಾಯಿತು. ಹದಿನೈದು ದಿನದಲ್ಲಿ ಅದು ಪಾರ್ಸೆಲ್ಲಿನಲ್ಲಿ ಮನೆಗೆ ಬಂತು. ಒಂದು ಗೇಣಿಗಿಂತ ಸ್ವಲ್ಪ ಗಿಡ್ಡ, ಬೆರಳಿನಷ್ಟು ಅಗಲ, ಒಂದು ತುದಿ ಚೂಪು, ಇನ್ನೊಂದು ತುದಿ ಗುಂಡು, ಮೈಯೆಲ್ಲ ಬೆಣ್ಣೆಯಂತೆ ನುಣುಪು. ಚೂಪು ತುದಿಯಿಂದ ಗೆರೆ ಒತ್ತುವುದು, ಗುಂಡು ತುದಿಯಿಂದ ಮಡಿಕೆಯನ್ನು ತೀಡುವುದು. ಕನ್ನಡದಲ್ಲಿ ಇದಕ್ಕೊಂದು ಹೆಸರು ಇರಲಿ ಎಂದು ನಾನೇ 'ಮಡಿಕೆಕಡ್ಡಿ' ಎಂದು ನಾಮಕರಣ ಮಾಡಿದೆ. ನನ್ನ ಹೆಂಡತಿ ಸುಜಾತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ರೀ ಇದು, ನಾಲ್ಗೆ ಗೀರೋದಾ?" ಎಂದು ಕೇಳಿದಳು.

ನಾಲಿಗೆ ಗೀರುವುದಲ್ಲವೆಂದು ಅವಳಿಗೆ ತಿಳಿಸಿಕೊಡಲು ನಾನು ಅಂದು ಮಾಡಿದ ಉಪನ್ಯಾಸದ ಸಾರಾಂಶವನ್ನು ನಿಮಗೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ತೆಳು ಕಾಗದವನ್ನು ಹೇಗೆ ಮಡಚಿದರೂ ಅದು ಪಾಪ ಸುಮ್ಮನಿರುತ್ತದೆ. ದಪ್ಪ ಕಾಗದ ಹಾಗಲ್ಲ. ಅದನ್ನು ಹಠಾತ್ತನೆ ಬಗ್ಗಿಸಹೋದರೆ ಮಡಿಕೆಯ ಉದ್ದಕ್ಕೂ ಬಿರಿದು, ಒಳಗಿನ ಬಿಳಿ ನಾರು ಹೊರಗೆ ಬಂದು ನಮ್ಮನ್ನೇ ಅಣಕಿಸುತ್ತದೆ. ಆದ್ದರಿಂದ ಮೊದಲು ಸ್ಕೇಲು ಇಟ್ಟು, ಚೂಪು ತುದಿಯಿಂದಲೋ ಶಾಯಿ ಮುಗಿದ ರೀಫಿಲ್ಲಿನಿಂದಲೋ ಮೆಲ್ಲಗೆ ಒಂದು ಗೆರೆ ಒತ್ತಬೇಕು. ಕೊಯ್ಯಬಾರದು, ಒತ್ತಬೇಕು ಅಷ್ಟೆ. ಹಾಗೆ ಒಂದು ಗೆರೆ ಬಿದ್ದಿತೆಂದರೆ ಎಂಥ ಬಿಗುಮಾನದ ಕಾಗದವೂ ಆ ಗೆರೆಯಲ್ಲಿ ತಾನಾಗಿಯೇ ಬಾಗುತ್ತದೆ. ಸುಜಾತ ಇದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಕುಕ್ಕರು ಕೂಗಿದ್ದರಿಂದ ಎದ್ದು ಹೋದಳು.

ಇನ್ನು ನನ್ನ ಅತ್ತೆಮನೆಯ ವಿಚಾರ. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಆ ಮನೆಗೆ ನಾನು ಅಳಿಯನಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ನನ್ನ ಕೈಯಿಂದ ಒಂದೇ ಒಂದು ಕೆಲಸ ನೆಟ್ಟಗೆ ಆದ ದಾಖಲೆಯಿಲ್ಲ. ಹಾಲು ಕರೆಯಲು ಕೂತರೆ ಹಸು ನನ್ನ ಮುಖ ನೋಡಿ ಹಾಲು ಮೇಲಕ್ಕೆಳೆದುಕೊಳ್ಳುತ್ತದೆ. ಕಬ್ಬಿನ ಸೋಗೆ ತರಿಯಲು ಹೋದರೆ ಸೋಗೆಯೇ ನನ್ನನ್ನು ತರಿಯುತ್ತದೆ. ಮದುವೆಯಾದ ಹೊಸತರಲ್ಲಿ, ಉಪಯುಕ್ತನೆನಿಸಿಕೊಳ್ಳುವ ಹಂಬಲದಿಂದ ನಾನೇ ಗೂಟಕ್ಕೆ ಕಟ್ಟಿದ ಹಸು, ನನ್ನ ಗಂಟನ್ನು ಗಂಟೆಂದು ಪರಿಗಣಿಸದೆ, ಪಕ್ಕದವರ ರಾಗಿ ಪೈರಿನಲ್ಲಿ ಬೆಳಗಿನ ಉಪಾಹಾರ ಮುಗಿಸಿ ಬಂದಿತ್ತು. ಆವತ್ತಿನಿಂದ ನನ್ನ ಅತ್ತೆ ನಿಂಗಮ್ಮನವರು, ನಾನು ಏನನ್ನಾದರೂ ಮುಟ್ಟಹೋದರೆ, "ನೀವ್ ಕುಂತ್ಕಳಿ ಅಳಿಮಯ್ಯ, ನೀವ್ ಕುಂತ್ಕಳಿ" ಎಂದು ಅತ್ಯಂತ ಮರ್ಯಾದೆಯಿಂದ ಹೇಳುತ್ತಾರೆ. ಆ ಮರ್ಯಾದೆ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ನನ್ನ ಭಾವ ಜವರಣ್ಣ ಟ್ರಾಕ್ಟರಿನ ಕೆಳಗೆ ತೂರಿ ಎದ್ದು ಬಂದಾಗ ಆಕೆ ಮಗನನ್ನು ನೋಡುವ ಕಣ್ಣಿನಲ್ಲಿ ಒಂದೇ ಒಂದು ಸಲ ನನ್ನನ್ನೂ ನೋಡಲಿ ಎಂಬ ಆಸೆ, ಐವತ್ತು ದಾಟಿದ ಗಂಡಸು ಹೇಳಿಕೊಳ್ಳುವಂಥದ್ದಲ್ಲವಾದರೂ, ನನಗಿತ್ತು.

ಅಂಥ ಅವಕಾಶ ಜವರಣ್ಣನ ಮಗಳು ಸಿಂಚನಳ ಮದುವೆಯ ರೂಪದಲ್ಲಿ ಬಂತು. ನಾಗಮಂಗಲದ ಕಡೆಯ ಗಂಡು, ನಿಶ್ಚಯವಾದದ್ದು ಯುಗಾದಿಯ ಸುತ್ತಮುತ್ತ. ಅವಳ ಹುಟ್ಟುಹಬ್ಬಕ್ಕೆ ನಾನು ಒಮ್ಮೆ ಕೋಟೆಬಾಗಿಲಿನ ಹಾಗೆ ಎರಡು ಕದ ತೆರೆದುಕೊಳ್ಳುವ ಒಂದು ಕಾರ್ಡು ಮಾಡಿ ಕೊಟ್ಟಿದ್ದೆ. ಅದನ್ನು ಅವಳು ಬೀರುವಿನಲ್ಲಿ ಇಟ್ಟುಕೊಂಡಿದ್ದಳಂತೆ. "ಮಾವ, ನನ್ ಮದ್ವೆ ಕಾರ್ಡು ನೀವೇ ಕೈಯಾರ ಮಾಡ್ಬೇಕು, ಅದೇ ಥರ ಬಾಗ್ಲು ತೆಗಿಯೋದು" ಎಂದು ಹಟ ಹಿಡಿದಳು. ಜವರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಐನೂರು ಕಾರ್ಡು ಕಣ್ ಭಾವ, ಆಯ್ತದಾ?" ಎಂದ. ಆಗುತ್ತದೆ ಎಂದೆ. ಅತ್ತೆ ಹಸುವಿನ ಹಗ್ಗದ ಕಡೆಗೊಮ್ಮೆ ನೋಡಿದರು, ಅಷ್ಟೆ.

ಕೆ.ಆರ್. ಪೇಟೆಯ ಒಂದು ಪ್ರೆಸ್ಸಿನಲ್ಲಿ ಕೆನೆಬಣ್ಣದ ದಪ್ಪ ಹಾಳೆಗಳ ಮೇಲೆ ಎರಡು ನವಿಲುಗಳನ್ನು ಅಚ್ಚು ಹಾಕಿಸಿಕೊಂಡು ಬಂದೆವು. ಎಡಗದದ ಮೇಲೊಂದು, ಬಲಗದದ ಮೇಲೊಂದು. ಹಾಳೆಯನ್ನು ಎರಡೂ ಕಡೆಯಿಂದ ಒಳಕ್ಕೆ ಮಡಚಿದಾಗ ನಟ್ಟನಡುವೆ ಅವುಗಳ ಕೊಕ್ಕು ಕೊಕ್ಕು ಕೂಡಬೇಕು. ದೇವರ ಹೆಸರು, ಮುಹೂರ್ತ, ಸುಖಾಗಮನ ಬಯಸುವವರ ದೊಡ್ಡ ಪಟ್ಟಿ, ಇವೆಲ್ಲ ಬೇರೆ ಒಂದು ಹಾಳೆಯ ಮೇಲೆ; ಅದನ್ನು ಕಡೆಗೆ ಒಳಗೆ ಅಂಟಿಸುವುದು. ಮಡಿಕೆ ಒಂದು ದಾರದಷ್ಟು ಆಚೀಚೆಯಾದರೂ ಒಂದು ನವಿಲಿನ ಕೊಕ್ಕು ಇನ್ನೊಂದರ ಕಣ್ಣಿಗೆ ತಿವಿದು, ಪ್ರಣಯ ಹೋಗಿ ಪ್ರಹಾರವಾಗುತ್ತದೆ. ಜವರಣ್ಣ ಉತ್ಸಾಹದಿಂದ ಮಡಚಿದ ಮೊದಲ ಹತ್ತು ಕಾರ್ಡುಗಳಲ್ಲಿ ನಿಜಕ್ಕೂ ಯುದ್ಧವೇ ನಡೆದಿತ್ತು. ಅವನನ್ನು ಸವಿನಯವಾಗಿ ಟ್ರಾಕ್ಟರಿನ ಕಡೆಗೆ ಕಳಿಸಿದೆ. "ನೀವು ಕೂತ್ಕೊಳ್ಳಿ ಭಾವ" ಎಂದು ಆ ಮನೆಯಲ್ಲಿ ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು, ಎಷ್ಟು ಹಿತವಾಗಿತ್ತೆಂದರೆ ಎರಡು ಸಲ ಹೇಳಿದೆ.

ಬೇಸಿಗೆ ರಜೆ, ಮದುವೆಗೆ ಇನ್ನೂ ಮೂರು ವಾರ. ಪಡಸಾಲೆಯಲ್ಲಿ ಚಾಪೆ ಹಾಸಿ ಸಿಂಚನಳೂ ಸುಜಾತಳೂ ನಾನೂ ಕೂತೆವು. ಎರಡನೆಯ ದಿನ ಬೆಳಿಗ್ಗೆ ಅತ್ತೆ ತಮ್ಮ ಎಲೆಚೀಲದೊಂದಿಗೆ ಬಂದು, ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನೋಡಿ, "ಕೊಡಿ ಇಲ್ಲಿ ಅದ್ನ" ಎಂದು ಮಡಿಕೆಕಡ್ಡಿಗೆ ಕೈ ಚಾಚಿದರು. ನಾನು ಕಾಗದದ ನಾರಿನ ದಿಕ್ಕಿನ ಬಗ್ಗೆ, ನಾರಿನ ಉದ್ದಕ್ಕೆ ಮಡಚಿದರೆ ನಯವಾಗಿಯೂ ಅಡ್ಡಕ್ಕೆ ಮಡಚಿದರೆ ಒರಟಾಗಿಯೂ ಬರುವ ರಹಸ್ಯದ ಬಗ್ಗೆ ಉಪನ್ಯಾಸ ಶುರುಮಾಡುವಷ್ಟರಲ್ಲಿ ಆಕೆ ಹಾಳೆಯನ್ನು ಎರಡು ಬೆರಳಲ್ಲಿ ಒಮ್ಮೆ ಬಾಗಿಸಿ ನೋಡಿ, "ಇದ್ರ ನಾರು ಇಂಗೈತೆ. ವೀಳ್ಯದೆಲೆಗೂ ಅಂಗೇ ಅಲ್ವಾ" ಎಂದು ನನ್ನ ಎರಡು ವರ್ಷದ ವಿದ್ವತ್ತನ್ನು ಅರ್ಧ ಮಾತಿನಲ್ಲಿ ಮುಗಿಸಿದರು. ಅರವತ್ತು ವರ್ಷ ವೀಳ್ಯದೆಲೆಯ ನಾರು ತೆಗೆದು ಮಡಚಿದ ಕೈ ಅದು. ಒಂದು ಗೆರೆ, ಒಂದು ಬಾಗು, ಒಂದು ತೀಡು, ನವಿಲುಗಳು ಕೂಡಿದವು. ಮಧ್ಯಾಹ್ನದ ಹೊತ್ತಿಗೆ ಆಕೆಯ ಮುಂದೆ ರಾಶಿ ನನ್ನದಕ್ಕಿಂತ ಎತ್ತರವಾಗಿತ್ತು.

ಊಟಕ್ಕೆ ಏಳುವ ಮುಂಚೆ, ನಾನು ಮಡಚಿದ ಒಂದು ಕಾರ್ಡನ್ನು ಎತ್ತಿಕೊಂಡು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲ, ಅಳಿಮಯ್ಯನ ಕೈ ಈ ಕೆಲ್ಸಕ್ಕೆ ಸುದ್ದಾಗೈತೆ" ಎಂದರು. ಇಪ್ಪತ್ತೆರಡು ವರ್ಷ! ನನ್ನ ಕಣ್ಣು ತುಂಬಿ ಬಂತು. ಸುಜಾತ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧಕ್ಕೆ ವಸ್ತುವಿರುತ್ತಿರಲಿಲ್ಲ. ಅತ್ತೆ ಮಡಿಕೆಕಡ್ಡಿಯನ್ನು ಬೆಳಕಿಗೆ ಹಿಡಿದು, ಮೆಚ್ಚಿಕೆಯಿಂದ ಕೆನ್ನೆಗೆ ಸವರಿಕೊಂಡು, "ಎಸ್ಟ್ ನುಣ್ಗೈತೆ. ಯಾವ್ದುರ್ದು ಇದು, ಪ್ಲಾಸ್ಟೀಕಾ?" ಎಂದು ಕೇಳಿದರು. ಓದುಗರೇ, ಹೌದು ಎಂಬ ಎರಡಕ್ಷರ ನನ್ನನ್ನು ಉಳಿಸುತ್ತಿತ್ತು. ಆದರೆ ಪ್ಲಾಸ್ಟಿಕ್ಕು ಎಂಬ ಮಾತು ನನ್ನ ಅಭಿಮಾನಕ್ಕೆ ತಾಗಿತು. ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿದವನು ನಾನು. ಎರಡರ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮೂರು ದಿನ ಯೋಚಿಸಿ ತರಿಸಿದವನು. ಎದೆಯುಬ್ಬಿಸಿ, "ಛೆ ಛೆ, ಪ್ಲಾಸ್ಟಿಕ್ಕಲ್ಲ ಅತ್ತೆ, ಅಸಲಿ ಮೂಳೆ. ಒಂಟೆಯ ಮೂಳೆ!" ಎಂದೆ.

ಅತ್ತೆ ಕೆನ್ನೆಯಿಂದ ಕಡ್ಡಿಯನ್ನು ಇಳಿಸಿ ಚಾಪೆಯ ಆಚೆ ನೆಲದ ಮೇಲಿಟ್ಟರು. "ಮೂಳೇನಾ?" ಎಂದರು. ಆಮೇಲೆ, "ಒಂಟೇದಾ?" ಎಂದರು. ಎರಡನೆಯ ಪ್ರಶ್ನೆಯಲ್ಲಿ ಕೋಪಕ್ಕಿಂತ ದಿಗ್ಭ್ರಮೆ ಹೆಚ್ಚಾಗಿತ್ತು. ಕುರಿ, ಮೇಕೆ, ಕೋಳಿಗಳ ವಿಷಯದಲ್ಲಿ ಆ ಮನೆಯಲ್ಲಿ ಸ್ಪಷ್ಟವಾದ ಧರ್ಮಶಾಸ್ತ್ರವಿದೆ. ಒಂಟೆಯ ಬಗ್ಗೆ ಸಂತೆಬಾಚಹಳ್ಳಿಯಲ್ಲಿ ಯಾರೂ ಯಾವ ಕಾಲದಲ್ಲೂ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಆಕೆ ಎದ್ದು ಬಚ್ಚಲಿಗೆ ಹೋಗಿ ಅರಿಶಿನದ ನೀರಿನಲ್ಲಿ ಕೈ ತೊಳೆದು, ಕೆನ್ನೆ ತೊಳೆದು, ಬಂದು ನಿಂತು ಹೇಳಿದ್ದು ಇಷ್ಟು: "ಮನೆದೇವ್ರ ಮುಂದೆ ಇಡೋ ಪತ್ರ. ಮೂಳೇಲಿ ಉಜ್ಜಿರೋದ್ನ ನಾನ್ ಇಡಾಕಿಲ್ಲ."

ಆ ಮನೆಯ ಪದ್ಧತಿ ನಿಮಗೆ ತಿಳಿಯಬೇಕು. ಮೊದಲ ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮನೆಯ ಹಿರಿಯಳು ದೇವರ ಮುಂದೆ ಇಡಬೇಕು. ಆಕೆ ಇಡುವತನಕ ಒಂದು ಪತ್ರಿಕೆಯೂ ಹೊಸ್ತಿಲು ದಾಟುವುದಿಲ್ಲ. ಇಟ್ಟ ದಿನದಿಂದ ಮದುವೆ ಮುಗಿದು ಬೀಗರೂಟವಾಗುವತನಕ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಬೀಗರೂಟವೆಂದರೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ, ಮದುವೆಯಾದ ಮೇಲೆ ಎರಡೂ ಕಡೆಯವರು ಕಲೆತು ಉಣ್ಣುವ ಬಾಡೂಟ. ಅದಕ್ಕಾಗಿಯೇ ಮದುವೆಗೆ ಬರುವವರೂ ಉಂಟು. ದೇವರ ಮುಂದೆ ಪತ್ರಿಕೆ ಇಡಲು ಗೊತ್ತಾಗಿದ್ದ ಶುಕ್ರವಾರಕ್ಕೆ ಇನ್ನು ಐದೇ ದಿನ, ಮತ್ತು ಐನೂರರಲ್ಲಿ ಮುನ್ನೂರು ಕಾರ್ಡಿಗೆ ಒಂಟೆ ಆಗಲೇ ಮುಟ್ಟಿಯಾಗಿತ್ತು.

ನಾನು ಸೋಲೊಪ್ಪಲಿಲ್ಲ, ವಿಜ್ಞಾನದ ಮೇಷ್ಟ್ರು ನೋಡಿ. ಪೂಜೆಗೆ ಬರುವ ದಾಸಯ್ಯ ಊದುವ ಶಂಖವೂ ಒಂದು ಜೀವಿಯ ಮೈಗೂಡೇ ಅಲ್ಲವೇ ಎಂದೆ. "ಅದ್ನ ಬೇಕಾದ್ರೆ ದಾಸಯ್ಯನ್ನೇ ಕೇಳೋಗಿ" ಎಂದರು. ಧಾರೆಗೆ ಉಡುವ ರೇಷ್ಮೆ ಸೀರೆಗೆ ಎಷ್ಟು ಹುಳು ಸತ್ತಿರಬಹುದು ಎಂದೆ. "ಹುಳಕ್ಕೆ ಮೂಳೆ ಎಲ್ಲೈತೆ?" ಎಂದರು, ಜೀವಶಾಸ್ತ್ರದ ದೃಷ್ಟಿಯಿಂದ ಇದು ನೂರಕ್ಕೆ ನೂರು ಸರಿ. ಓಲಗದವರ ಡೋಲಿಗೆ ಚರ್ಮ ಬಿಗಿದಿರುವುದಿಲ್ಲವೇ ಎಂದೆ. "ಡೋಲ್ನ ದೇವ್ರ ಪಾದದ್ ಮೇಲೆ ಮಡುಗ್ತಾರಾ ಅಳಿಮಯ್ಯ?" ಎಂದರು. ನನ್ನ ಒಂದೊಂದು ವಾದಕ್ಕೂ ಆಕೆಯ ಮುಖ ಇನ್ನಷ್ಟು ಬಿಗಿಯಾಯಿತು. ಕಡೆಗೆ, ಬೀಗರೂಟದಲ್ಲಿ ನಲ್ಲಿಮೂಳೆ ಚೀಪುವವರು ನಾವೇ ಅಲ್ಲವೇ ಎಂದು ಕೇಳಬಾರದ್ದನ್ನು ಕೇಳಿಬಿಟ್ಟೆ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಡಿಕೆಗೂ ಮಡಿಗೂ ನಡುವೆ ಸಿಕ್ಕಿಬಿದ್ದ ನಾನು ಚಾಪೆಯ ಮೇಲೆಯೇ ಉಳಿದೆ.

ಸುಜಾತ ನನ್ನ ಪಕ್ಕದಲ್ಲಿ ಕೂತು, ಹಲ್ಲು ಕಚ್ಚಿ, "ಪ್ಲಾಸ್ಟಿಕ್ಕು ಅಂತ ಒಂದ್ ಮಾತು ಅಂದ್‌ಬುಟ್ಟಿದ್ರೆ ನಿಮ್ಗೇನ್ ಬರಬಾರದ್ದು ಬತ್ತಿತ್ತು?" ಎಂದಳು. ಜವರಣ್ಣ ಬಂದು ವಿಷಯ ಕೇಳಿ, ನಗಬೇಕೋ ಬೈಯಬೇಕೋ ತಿಳಿಯದೆ, "ಓಗ್ಲಿ ಬುಡಿ ಭಾವ, ಪ್ರೆಸ್ಸಲ್ಲಿ ರೆಡಿಮೇಡು ಸಿಕ್ತವೆ" ಎಂದ. ಸಿಂಚನ ಆ ಮಾತಿಗೆ ತಲೆಯಾಡಿಸಿ, "ಹೂಂ ಮಾವ, ಪರ್ವಾಗಿಲ್ಲ, ಅಜ್ಜಿ ಮನ್ಸಿಗೆ ಬೇಜಾರಾಗೋದು ಬ್ಯಾಡ" ಎಂದು ನಕ್ಕಳು. ನಕ್ಕ ಮೇಲೆ ತಾನು ಮಡಚಿದ ಒಂದು ಕಾರ್ಡನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ಕೆಳಗಿಟ್ಟಳು. ನನಗೆ ನಾಚಿಕೆಯಾಯಿತು. ಆ ಹುಡುಗಿ ಕೇಳಿದ್ದು ಒಂದೇ ಒಂದು, ಅದನ್ನೂ ನನ್ನ ಜಂಬ ತಿಂದುಹಾಕಿತ್ತು. ಹಸುವಿನ ಗಂಟು ಬಿಚ್ಚಿಹೋದಾಗ ಪೈರು ಮಾತ್ರ ಹಾಳಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅತ್ತೆ ಹೊರಗೆ ಬಂದರು. ಅಡಿಗೆಮನೆಯಿಂದ ಒಂದು ಸೌದೆಯ ಇದ್ದಿಲು ತಂದು, ಪಡಸಾಲೆಯ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಒಂದು ಉದ್ದನೆಯ ಗೆರೆ ಎಳೆದರು. ಮಡಚಿದ ಮುನ್ನೂರು ಕಾರ್ಡುಗಳನ್ನು ಸಿಂಚನಳ ಕೈಯಲ್ಲಿ ಗೆರೆಯ ಆಚೆಗೆ ಇಡಿಸಿದರು. ಮಡಚದ ಹಾಳೆಗಳನ್ನು ಈಚೆಗೆ ಇಡಿಸಿದರು. ನಡುವೆ ನಿಂತು ತೀರ್ಪು ಕೊಟ್ಟರು: "ಆಕಡೇವು ಬೀಗ್ರೂಟಕ್ಕೆ. ಮೂಳೆ ಊಟಕ್ಕೆ ಮೂಳೆ ಕಾಗ್ದ. ಒಂಟೆ ಆದ್ರೇನು, ಒಂಟೆಯಪ್ಪ ಆದ್ರೇನು. ಈಕಡೇವು ಮೂರ್ತಕ್ಕೆ. ಇವ್ಕೆ ಆ ಕಡ್ಡಿ ಸೋಕಂಗಿಲ್ಲ."

ಬೀಗರೂಟಕ್ಕೆ ನಮ್ಮ ಕಡೆ ಬಾಯಿಮಾತಿನ ಕರೆಯೇ ಹೆಚ್ಚು. ತಪ್ಪಿದರೆ ಲಗ್ನಪತ್ರಿಕೆಯ ಕೆಳಗೆ ಒಂದು ಸಾಲು. ಅದಕ್ಕೆ ನವಿಲುಬಾಗಿಲಿನ ಪ್ರತ್ಯೇಕ ಪತ್ರಿಕೆ ಎಂಬ ವೈಭವವನ್ನು ಯಾರೂ ಕಂಡಿರಲಿಲ್ಲ. ಜವರಣ್ಣ ಬಾಯಿ ತೆರೆದು ನಿಂತ. ನಾನು ಮಾತ್ರ ಎದ್ದು ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿಯಿತ್ತು. "ಆದರೆ ಅತ್ತೆ, ಈಚೆಯವನ್ನು ಯಾವುದರಿಂದ ತೀಡುವುದು?" ಎಂದೆ. ಆಕೆ ಒಳಗೆ ಹೋಗಿ, ರಾಗಿಹಿಟ್ಟು ತೊಳಸುವ ಕೋಲನ್ನು ತಂದು ನನ್ನ ಮುಂದಿಟ್ಟರು. ದಿನಕ್ಕೆರಡು ಸಲ ಮುದ್ದೆಯ ಹಿಟ್ಟಿನಲ್ಲಿ ತಿರುಗಿ ತಿರುಗಿ, ನನ್ನ ಮದುವೆಗಿಂತ ಹಳೆಯದಾದ ಆ ಹಿಟ್ಟಿನ ಕೋಲು ತುದಿಯಲ್ಲಿ ಒಂದು ಕಡೆಗೆ ಸವೆದು ಚಪ್ಪಟೆಯಾಗಿ, ಕನ್ನಡಿಯಂತೆ ನುಣುಪಾಗಿತ್ತು. ಬಿಸಿನೀರಲ್ಲಿ ತೊಳೆದು ಒರೆಸಿ, ಒಂದು ಹಾಳೆಯ ಮೇಲೆ ಎಳೆದು ನೋಡಿದೆ. ಮಡಿಕೆ ಗೆರೆ ಹೊಡೆದಂತೆ ಕೂತಿತು. ವಿಡಿಯೊಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಬೇಕಾದಷ್ಟು ಹೊಸ ಹಾಳೆಗಳನ್ನು, ಜೊತೆಗೆ ಬೀಗರೂಟದ ಒಳಹಾಳೆಗಳನ್ನು ಪ್ರೆಸ್ಸಿನಿಂದ ಜವರಣ್ಣ ತಂದ. ಸುಜಾತ ಖಾಲಿ ರೀಫಿಲ್ಲಿನಿಂದ ಗೆರೆ ಒತ್ತುವುದು, ಸಿಂಚನ ಬಗ್ಗಿಸುವುದು, ನಾನೂ ಅತ್ತೆಯೂ ಸರದಿಯ ಮೇಲೆ ಹಿಟ್ಟಿನ ಕೋಲು ಎಳೆಯುವುದು. ಆ ಕೋಲು ಹೊತ್ತಿಗೆ ಸರಿಯಾಗಿ ಅಡಿಗೆಮನೆಗೆ ಮರಳಬೇಕಿತ್ತು. ಮುದ್ದೆ ಆಗುವ ಹೊತ್ತಿನಲ್ಲಿ ಕಾರ್ಖಾನೆ ಬಂದ್. ಊಟವಾಗಿ ಕೋಲು ತೊಳೆದು ಒಣಗಿದ ಮೇಲೆ ಪುನರಾರಂಭ. ಒಂದು ಮಧ್ಯಾಹ್ನ ತೊಳೆಯುವುದರಲ್ಲಿ ಅವಸರವಾಗಿ, ಒಂದು ನವಿಲಿನ ಎದೆಯ ಮೇಲೆ ರಾಗಿಯ ಮಚ್ಚೆ ಬಿತ್ತು. ಅತ್ತೆ ಅದನ್ನು ನೋಡಿ, "ಇರ್ಲಿ ಬುಡಿ, ರಾಗಿ ದೇವ್ರಿಗೆ ಬ್ಯಾಡ್ವಾ?" ಎಂದರು. ಆ ನಾಲ್ಕು ದಿನ ಆಕೆ ನನಗೆ ಒಂದು ಸಲವೂ ಕೂತುಕೊಳ್ಳಿ ಎನ್ನಲಿಲ್ಲ. "ಅಳಿಮಯ್ಯ, ಬ್ಯಾಗ ಬ್ಯಾಗ" ಎಂದರು. ಮದುವೆಯಾದ ಮೇಲೆ ಇಷ್ಟು ಸುಖ ನನಗೆ ಆ ಮನೆಯಲ್ಲಿ ಸಿಕ್ಕಿದ್ದಿಲ್ಲ.

ಒಂದು ಸಂಜೆ ನನ್ನ ಕುತೂಹಲ ತಡೆಯಲಿಲ್ಲ. ಅತ್ತೆ ಕಾಣದ ಹಾಗೆ ಗೆರೆಯಾಚೆಯ ಒಂದು ಕಾರ್ಡನ್ನೂ ಈಚೆಯ ಒಂದು ಕಾರ್ಡನ್ನೂ ತೆಗೆದು ಪಕ್ಕಪಕ್ಕ ಹಿಡಿದು, ಮೂಳೆಯ ಮಡಿಕೆಗೂ ಕೋಲಿನ ಮಡಿಕೆಗೂ ಇರುವ ಸೂಕ್ಷ್ಮ ಭೇದವನ್ನು ಪತ್ತೆ ಹಚ್ಚಲು ಕನ್ನಡಕ ಏರಿಸಿದೆ. ಇಷ್ಟು ಉಪನ್ಯಾಸ ಮಾಡಿದವನು, ಮೂರು ದಿನ ಯೋಚಿಸಿ ಅಸಲಿಯನ್ನೇ ತರಿಸಿದವನು, ಅಷ್ಟರಲ್ಲಿ ಯಾವುದು ಯಾವುದೆಂದು ನನಗೇ ಮರೆತುಹೋಗಿ, ಎರಡನ್ನೂ ಹಿಡಿದು ಕಂಬದ ಹಾಗೆ ನಿಂತೆ. ಅತ್ತೆ ಹಿಂದಿನಿಂದ ಬಂದು ಎರಡನ್ನೂ ಕಿತ್ತುಕೊಂಡು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಕೋಲಿಂದು. ಇದು ನಿಮ್ ಒಂಟೇದು" ಎಂದು ಅದರದರ ಜಾಗಕ್ಕೆ ಎಸೆದರು. ಅದು ನಿಜವೋ ಊಹೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಶುಕ್ರವಾರ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿಕೊಂಡ ನವಿಲುಗಳು ದೇವರ ಮುಂದೆ ಬಾಗಿಲು ತೆರೆದು ನಿಂತವು. ಸಿಂಚನ ಕೈಮುಗಿದು ನಿಂತಿದ್ದಳು, ಆದರೆ ಕಣ್ಣು ದೇವರ ಮೇಲಿರಲಿಲ್ಲ, ಕಾರ್ಡಿನ ಮೇಲಿತ್ತು. ಮುಂದಿನದು ನಾನು ಎಣಿಸಿರದಂಥದ್ದು. ನಾಗಮಂಗಲದ ಬೀಗರು ಎರಡು ಪತ್ರಿಕೆಗಳನ್ನೂ ಎರಡು ಕೈಯಲ್ಲಿ ಹಿಡಿದು, ಬೀಗರೂಟದ್ದನ್ನೇ ಮೊದಲು ತೆರೆದು ಓದಿ, "ಬಾಡೂಟಕ್ಕೆ ಇಂಥಾ ಪತ್ರ ನಮ್ ಕಡೆ ಯಾರೂ ಮಾಡ್ಸಿಲ್ಲ ಕಣ್ರೀ, ದೊಡ್ಡಸ್ತಿಕೆ ಅಂದ್ರೆ ಇದು!" ಎಂದು ಜವರಣ್ಣನ ಬೆನ್ನು ಚಪ್ಪರಿಸಿದರಂತೆ. ಜವರಣ್ಣ ಆ ಕೀರ್ತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸಿದ. ಮದುವೆಗಿಂತ ಬೀಗರೂಟಕ್ಕೆ ಜನ ಹೆಚ್ಚು ಬಂದರು. ಅದು ಪತ್ರಿಕೆಯ ಮಹಿಮೆಯೆಂದು ನಾನೂ, ಮಾಂಸದ ಮಹಿಮೆಯೆಂದು ಸುಜಾತಳೂ ಈಗಲೂ ವಾದ ಮಾಡುತ್ತೇವೆ.

ದಪ್ಪ ಕಾಗದದ ಗುಣದ ಬಗ್ಗೆ ಹೆಂಡತಿಗೆ ಉಪನ್ಯಾಸ ಮಾಡಿದವನು, ಅತ್ತೆಯೊಂದಿಗೆ ಮಾತಾಡುವಾಗ ಅದನ್ನೇ ಮರೆತಿದ್ದೆ ಎಂಬುದು ನನಗೆ ಹೊಳೆದದ್ದು ಬೀಗರೂಟದ ಪಂಕ್ತಿಯಲ್ಲಿ ಕೂತಾಗ. ಶಂಖ, ರೇಷ್ಮೆ, ಡೋಲುಗಳಿಂದ ನಾನು ಆಕೆಯನ್ನು ಬಲವಂತವಾಗಿ ಬಗ್ಗಿಸಹೋಗಿದ್ದೆ, ಬಿರಿದದ್ದೇ ಲಾಭ. ಆಕೆಗೆ ಬೇಕಾಗಿದ್ದದ್ದು ಒಂದು ಗೆರೆ, ಅದೂ ತಾನೇ ಎಳೆದುಕೊಂಡದ್ದು. ನಲ್ಲಿಮೂಳೆಯನ್ನು ಚೀಪುತ್ತ ಇಂಥ ತತ್ತ್ವ ಹೊಳೆದದ್ದರಿಂದ ಅದರ ತೂಕ ಕಡಿಮೆಯಾಗುವುದಿಲ್ಲವೆಂದು ನಂಬಿದ್ದೇನೆ.

ಒಂದೇ ಕೊರಗು ಉಳಿಯಿತು. ಮಡಿಕೆಕಡ್ಡಿ, ಅತ್ತೆ ಅದನ್ನು ನೆಲದ ಮೇಲಿಟ್ಟ ಆ ದಿನದಿಂದ ಕಾಣೆಯಾಗಿತ್ತು. ಚಾಪೆಯ ಕೆಳಗೆ, ಬೀರುವಿನ ಸಂದಿಯಲ್ಲಿ, ಕಡೆಗೆ ಯಾರಿಗೂ ತಿಳಿಯದಂತೆ ತಿಪ್ಪೆಯಲ್ಲೂ ಕೋಲು ಹಾಕಿ ಕೆದಕಿ ನೋಡಿದೆ. ಸಿಗಲಿಲ್ಲ. ಯಾರನ್ನು ಕೇಳಲಿ? ಕೇಳಿದರೆ ಮತ್ತೆ ಮೂಳೆಯ ಮಾತು ಬರುತ್ತದೆ. ಹೋದರೆ ಹೋಗಲಿ ಎಂದು ಉಗುರಿಗೇ ಮರಳಿದೆ.

ಹೋದ ತಿಂಗಳು ಅತ್ತೆಯ ಕಣ್ಣು ತೋರಿಸಲು ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಬರುತ್ತಿದ್ದೆ. ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ ಕೂತಾಗ ಕಂಡಕ್ಟರು ನನಗೊಂದು ಟಿಕೆಟ್ಟು, ಆಕೆಗೊಂದು ಕಾಸಿಲ್ಲದ ಟಿಕೆಟ್ಟು ಕೊಟ್ಟ. ಅತ್ತೆ ಅದನ್ನು ತೊಡೆಯ ಮೇಲಿಟ್ಟು ನೀವಿ, ಎಲೆಚೀಲದ ಒಳಜೇಬಿಗೆ ಕೈ ಹಾಕಿ ಏನನ್ನೋ ತೆಗೆದರು. ಹಳದಿಯಾಗಿತ್ತು, ಒಂದು ತುದಿಗೆ ಸುಣ್ಣ ಅಂಟಿತ್ತು. ಆದರೂ ನನ್ನ ಕೂಸು ನನಗೆ ಗೊತ್ತಾಗದೇ ಇರುತ್ತದೆಯೇ? ಆಕೆ ಕಿಟಕಿಯ ಕಡೆ ನೋಡುತ್ತ, "ಬಿಸಾಕಾಕೆ ಅಂತ್ಲೇ ತಕ್ಕೋಗಿದ್ದೆ. ಕೈಗೆ ಒಗ್ಗೋಗಿತ್ತು, ಮನ್ಸು ಬರ್ನಿಲ್ಲ" ಎಂದರು. ಕಡ್ಡಿಯ ಸುಣ್ಣವನ್ನು ಸೆರಗಿಗೆ ಒರೆಸುತ್ತ, "ಉಣಸೇಹಣ್ಣಲ್ಲಿ ತೊಳ್ದು ಅರಿಸ್ನ ಹಚ್ಚಿವ್ನಿ. ಮದ್ವೆನೂ ಆಯ್ತಲ್ಲ, ಇನ್ನೇನು" ಎಂದರು. ಟಿಕೆಟ್ಟನ್ನು ಮೂರು ಮಡಿಕೆ ಮಾಡಿ, ಗುಂಡು ತುದಿಯಿಂದ ತೀಡಿ, ಬಳೆಗಳ ನಡುವೆ ಸಿಕ್ಕಿಸಿದರು. ಆಮೇಲೆ ನನ್ನ ಕೈಯಲ್ಲಿ ಅರ್ಧ ದೋಣಿಯಾಗಿದ್ದ ನನ್ನ ಟಿಕೆಟ್ಟನ್ನು ಕಿತ್ತುಕೊಂಡು, ಬಿಚ್ಚಿ, ನೀವಿ, ವೀಳ್ಯದೆಲೆಯ ಹಾಗೆ ಪಟ್ಟಾಗಿ ಮಡಚಿ, ನನ್ನ ಗಡಿಯಾರದ ಪಟ್ಟಿಗೆ ಸಿಕ್ಕಿಸಿದರು.

ಪಾಂಡವಪುರ ದಾಟಿದ ಮೇಲೆ ತಪಾಸಣೆಯವರು ಹತ್ತಿದರು. ನನ್ನ ಮುಂದೆ ಬಂದು ಕೈ ಚಾಚಿದಾಗ, ಆ ಮಡಿಕೆಯನ್ನು ಬಿಚ್ಚಲು ಮನಸ್ಸಾಗದೆ ನಾನು ಗಡಿಯಾರವನ್ನು ಮುಚ್ಚಿ ಹಿಡಿದು ಕೂತೆ. ಇಡೀ ಬಸ್ಸು ನನ್ನನ್ನು ಟಿಕೆಟ್ಟಿಲ್ಲದವನೆಂದು ನೋಡತೊಡಗಿತು. ಅತ್ತೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು ಹೇಳಿದರು:

"ಬಿಚ್ಚಿ ತೋರ್ಸಿ ಅಳಿಮಯ್ಯ. ಆಮೇಕೆ ನಾನ್ ಮಡ್ಚಿಕೊಡ್ತೀನಿ."